ರಾತ್ರಿ ತಂಗುದಾಣವಿದ್ದರೆ ಸಾಲದೇ?

ಮಾನ್ಯರೇ, ರಾತ್ರಿ ಮಲಗಲು ಜಾಗ ಕೊಟ್ಟರೆ ಸಾಲದೇ, ಚಿಕ್ಕಮಗಳೂರಿನಷ್ಟು ಊರಿಗೆ ವಸತಿರಹಿತರ ಹಗಲು ಕೇಂದ್ರವೂ ಏಕೆ ಎಂದು ತಾವು ಕೇಳಿದ್ದೀರಿ. ಸಾಲದು ಎಂಬುದೇ ನನ್ನ ಖಚಿತ ಅಭಿಪ್ರಾಯ.

ಬೆಳಿಗ್ಗೆ ತಂಗುದಾಣದಿಂದ ಹೊರಬಿದ್ದವರಿಗೆ ಸಂಜೆಯವರೆಗೆ ಉಳಿಯುವುದು ಬಸ್ ನಿಲ್ದಾಣದ ಬೆಂಚು ಅಥವಾ ಮುಚ್ಚಿದ ಅಂಗಡಿಯ ಜಗಲಿ ಮಾತ್ರ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಮಲೆನಾಡಿನ ಮಳೆಯಲ್ಲಿ ಆ ಜಗಲಿಯೂ ಒದ್ದೆಯಾಗಿರುತ್ತದೆ. ಕ್ಷಯರೋಗಕ್ಕೆ ಸಾಮಾನ್ಯವಾಗಿ 6 ತಿಂಗಳು ತಪ್ಪದೆ ಮಾತ್ರೆ ನುಂಗಬೇಕಾದ ವ್ಯಕ್ತಿ ತನ್ನ ಗಂಟನ್ನು ಎಲ್ಲಿಡಬೇಕು? ಗಂಟು ಕಳೆದರೆ ಮಾತ್ರೆ, ಆಧಾರ್ ಚೀಟಿ, ಬದಲಿ ಬಟ್ಟೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಊಟಕ್ಕಿಂತಲೂ ಮೊದಲು ಬೀಗವಿರುವ ಕಪಾಟು, ಸ್ನಾನದ ಮನೆ, ಬಟ್ಟೆ ಒಣಗಿಸುವ ಜಾಗ ಮತ್ತು ಹೆಂಗಸರಿಗೆ ಪ್ರತ್ಯೇಕ ಕೋಣೆ ಇರಬೇಕೆಂದು ನಾನು ಒತ್ತಾಯಿಸುತ್ತೇನೆ. ರಾತ್ರಿಪಾಳಿಯಲ್ಲಿ ದುಡಿಯುವವರು ಮಲಗುವುದೇ ಹಗಲಿನಲ್ಲಿ ಎಂಬುದನ್ನೂ ಮರೆಯಬಾರದು.

ಇದು ಹೊಸ ಬೇಡಿಕೆಯೇನಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ದಿನದ 24 ಗಂಟೆಯೂ ತೆರೆದಿರುವ ಆಶ್ರಯವನ್ನು, ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗವನ್ನು ಹೇಳಿತ್ತು. ನಮ್ಮ ನಗರ 2011ರ ಜನಗಣತಿಯಲ್ಲೇ ಲಕ್ಷ ದಾಟಿತ್ತು.

ಕೇಂದ್ರವನ್ನು ಊರಾಚೆ ಕಟ್ಟಿದರೆ ಯಾರೂ ಹೋಗಲಾರರು. ಕೂಲಿ ಸಿಗುವ ಮಾರುಕಟ್ಟೆಗೂ ಜಿಲ್ಲಾಸ್ಪತ್ರೆಗೂ ನಡೆದು ತಲುಪುವ ದೂರದಲ್ಲೇ ಜಾಗ ಗುರುತಿಸುವಂತೆ ತಾವು ಮನವಿಯಲ್ಲಿ ದಯವಿಟ್ಟು ಸೇರಿಸಿ.