ಎಲ್ಲಿ ಎಂತ ಬರ್ತದೆ ಅಂತ ಗೊತ್ತಿದ್ರೂ ರೆಸಿಡೆಂಟ್ ಈವಿಲ್ ಮತ್ತೆ ಆಡೋದು ಎಂತಕ್ಕೆ?

ಹಾರರ್ ಗೇಮ್ ಒಂದ್ಸಲ ಮುಗಿಸಿದ ಮೇಲೆ ಯಾವ ಬಾಗಿಲ ಹಿಂದೆ ಎಂತ ಇದೆ ಅಂತ ಗೊತ್ತಾಗಿಬಿಡ್ತದೆ, ಮತ್ತೆ ಆಡಿದ್ರೆ ಹೆದರಿಕೆ ಎಲ್ಲಿಂದ ಬರ್ಬೇಕು ಅಂತ ಕೇಳಿದೀರಿ. ಸುಮಾರು ಗೇಮ್‌ಗಳಿಗೆ ನಿಮ್ಮ ಮಾತು ಸರಿನೇ. ಆದ್ರೆ ರೆಸಿಡೆಂಟ್ ಈವಿಲ್ ಮೊದಲನೇದ್ರ ರೀಮೇಕ್ ಇದ್ಯಲ್ಲ, ಜಪಾನಿನ ಕ್ಯಾಪ್‌ಕಾಮ್ ಕಂಪನಿಯವ್ರು 2002ರಲ್ಲಿ ನಿಂಟೆಂಡೋದ ಗೇಮ್‌ಕ್ಯೂಬ್‌ಗೆ ಮಾಡಿದ್ದು, 2015ರಲ್ಲಿ ಎಚ್‌ಡಿ ಮಾಡಿ ಪಿಸಿಗೂ ಬಿಟ್ರು, ಅದ್ರಲ್ಲಿ ಗೊತ್ತಿದ್ದಷ್ಟೂ ಹೆದರಿಕೆ ಜಾಸ್ತಿ ಮಾರಾಯ್ರೆ.

ಹೆಂಗೆ ಅಂದ್ರೆ, ಇದ್ರಲ್ಲಿ ಜೋಂಬಿನ ಗುಂಡು ಹೊಡೆದು ಬೀಳಿಸಿದ್ರೆ ಕತೆ ಮುಗಿಯಲ್ಲ. ತಲೆ ಹಾರಿಸ್ಬೇಕು, ಇಲ್ಲಾಂದ್ರೆ ಹೆಣಕ್ಕೆ ಸೀಮೆಎಣ್ಣೆ ಸುರಿದು ಸುಡ್ಬೇಕು. ಎರಡೂ ಮಾಡದೆ ಬಿಟ್ರೆ ಆ ಹೆಣ ಸ್ವಲ್ಪ ಹೊತ್ತಾದ ಮೇಲೆ ಕ್ರಿಮ್ಸನ್ ಹೆಡ್ ಆಗಿ ಏಳ್ತದೆ, ಕೆಂಪು ಮೈ, ಉದ್ದ ಉಗುರು, ಮೊದಲು ಕಾಲೆಳೀತಾ ಬರ್ತಿದ್ದದ್ದು ಈಗ ಓಡಿ ಬರ್ತದೆ. ಸೀಮೆಎಣ್ಣೆ ಎಷ್ಟು ಸಿಗ್ತದೆ ಅಂದ್ರೆ ಫ್ಲಾಸ್ಕ್ ಒಂದ್ಸಲ ತುಂಬಿಸಿದ್ರೆ ಎರಡು ಹೆಣಕ್ಕೆ, ಅಷ್ಟೇ. ಗೇಮ್ ನಡೆಯೋ ಬಂಗಲೆಲಿ ಅಲ್ಲಲ್ಲಿ ಇಟ್ಟಿರೋ ಸೀಮೆಎಣ್ಣೆ ಕ್ಯಾನೂ ಖಾಲಿ ಆಗ್ತಾ ಹೋಗ್ತದೆ. ನಮ್ಮ ಶಿರಸಿ ಬದಿ ಹಳೇ ಮನೆಗಳಲ್ಲಿ ರೇಷನ್ ಸೀಮೆಎಣ್ಣೆ ನೋಡಿ ಯಾವ ದೀಪ ಹಚ್ಚೋದು ಯಾವ್ದು ಬಿಡೋದು ಅಂತ ಲೆಕ್ಕ ಹಾಕ್ತಿದ್ರಲ್ಲ, ಅದೇ ಲೆಕ್ಕ ಇಲ್ಲಿ. ಯಾವ ಕಾರಿಡಾರ್‌ನಲ್ಲಿ ಮತ್ತೆ ಮತ್ತೆ ಓಡಾಡ್ಬೇಕು, ಯಾವ ಕೋಣೆಗೆ ಇನ್ನು ತಿರುಗಿ ಬರೋದೇ ಬೇಡ, ಇದೆಲ್ಲ ಗೊತ್ತಿದ್ದವನಿಗೆ ಮಾತ್ರ ಈ ಲೆಕ್ಕ ಹಾಕೋಕೆ ಬರ್ತದೆ. ಮೊದಲ ಸಲ ಆಡೋವಾಗ ಹೆದರಿಕೆ ಗೇಮ್ ಕೊಟ್ಟದ್ದು, ಎರಡನೇ ಸಲ ಆ ಮೂಲೇಲಿ ಮಲಗಿರೋ ಹೆಣ ನಾನೇ ಬಿಟ್ಟು ಬಂದದ್ದು, ಅದು ಯಾವ ಹೊತ್ತಿಗೆ ಏಳ್ತದೆ ಅಂತ ಅದ್ರ ಪಕ್ಕ ದಾಟೋವಾಗೆಲ್ಲ ಎದೆ ಡವಡವ ಅಂತದೆ. ಹೊಡೀದೆ ತಪ್ಪಿಸ್ಕೊಂಡು ಓಡೋದೂ ಒಂದು ದಾರಿ, ಹಂಗಾಗಿ ಪ್ರತಿ ಜೋಂಬಿ ಎದುರು ನಿಂತಾಗ್ಲೂ ಹೊಸ ತೀರ್ಮಾನ.

ಗೊತ್ತಿದ್ದವರನ್ನ ಆಡಿಸೋದಕ್ಕೇ ಮಾಡಿದ ಗೇಮ್ ಇದು ಅನ್ನೋಕೆ ಇನ್ನೊಂದು ಸಾಕ್ಷಿ ಕೊಡ್ತೇನೆ. 1996ರ ಮೂಲ ಪ್ಲೇಸ್ಟೇಷನ್ ಗೇಮ್‌ನಲ್ಲಿ ಒಂದು ಕಾರಿಡಾರ್‌ಗೆ ಕಾಲಿಟ್ಟಕೂಡ್ಲೆ ಕಿಟಕಿ ಒಡ್ಕೊಂಡು ನಾಯಿಗಳು ಹಾರಿ ಬರ್ತಾವೆ, ಆ ಕಾಲದಲ್ಲಿ ಆಡಿದವ್ರು ಯಾರೂ ಮರೆತಿಲ್ಲ. ರೀಮೇಕ್‌ನಲ್ಲಿ ಅದೇ ಜಾಗಕ್ಕೆ ಹೋಗ್ತೀರಿ, ಗಾಜು ಚಟ್ ಅಂತ ಸೀಳು ಬಿಡ್ತದೆ, ಅಷ್ಟೇ, ನಾಯಿ ಇಲ್ಲ. ನಿಮಗೆ ಸಮಾಧಾನ ಆಗಿ ಆಮೇಲೆ ಇನ್ಯಾವಾಗ್ಲೋ ಅದೇ ದಾರೀಲಿ ನಡೀತಿರೋವಾಗ ಬರ್ತಾವೆ. ಎರಡನ್ನೂ ಡೈರೆಕ್ಟ್ ಮಾಡಿದ್ದು ಶಿಂಜಿ ಮಿಕಾಮಿ, ಆಡೋರ ನೆನಪಿನ ಮೇಲೇ ಬಲೆ ಹಾಕಿದ ಮನುಷ್ಯ, ನನಗೆ ಅದು ಬಹಳ ದೊಡ್ಡ ಕೆಲಸ ಅನ್ನಿಸ್ತದೆ.

ಸೇವ್ ಮಾಡೋಕೂ ಲೆಕ್ಕ. ಟೈಪ್‌ರೈಟರ್ ಹತ್ರ ಹೋಗಿ ಒಂದು ಇಂಕ್ ರಿಬ್ಬನ್ ಖರ್ಚು ಮಾಡ್ಬೇಕು, ರಿಬ್ಬನ್ ಎಣಿಸಿ ಕೊಟ್ಟಿದ್ದಾರೆ. ಶಿರಸಿಲಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗ್ತದೆ ಅಂತ ಹೇಳೋಕಾಗಲ್ಲ, ಹಂಗಾಗಿ ಇಲ್ಲಿ ಕೂತು ಆಡೋರಿಗೆ ಒಂದು ರಿಬ್ಬನ್ ಉಳಿಸ್ಬೇಕೋ ಬಳಸ್ಬೇಕೋ ಅನ್ನೋದು ನಿಜವಾದ ಸಂಕಟ. ಗೇಮ್‌ನ ಕತೆ ನಡೆಯೋದೂ 1998ರ ಜುಲೈ ರಾತ್ರಿ, ಕಿಟಕಿಲಿ ಮಿಂಚು. ನಮ್ಮಲ್ಲೂ ಜುಲೈ ಅಂದ್ರೆ ಅಂಗಳ ಕಾಣದಷ್ಟು ಮಳೆ, ಅಟ್ಟದ ಹಲಗೆ ಕರ್ ಅಂತದೆ. ಹೆಡ್‌ಫೋನ್ ಹಾಕಿ ಆಡಿ, ಮರದ ನೆಲಕ್ಕೆ ಒಂದು ಹೆಜ್ಜೆ ಸದ್ದು, ಕಾರ್ಪೆಟ್‌ಗೆ ಬೇರೆ, ಕಲ್ಲಿಗೆ ಬೇರೆ. ಕ್ಯಾಮೆರಾ ಒಂದೇ ಮೂಲೇಲಿ ನಿಂತಿರೋದ್ರಿಂದ ಎದುರು ಎಂತ ಇದೆ ಅಂತ ಕಾಣಲ್ಲ, ನರಳೋ ದನಿ ಮಾತ್ರ ಕೇಳ್ತದೆ, ಎಷ್ಟು ದೂರ ಅಂತ ಕಿವಿಲೇ ಅಂದಾಜು ಮಾಡ್ಬೇಕು.

ಇನ್ನು ಶುರುವಲ್ಲಿ ಜಿಲ್, ಕ್ರಿಸ್ ಅಂತ ಇಬ್ರಲ್ಲಿ ಒಬ್ರನ್ನ ಆರಿಸ್ಕೊಂಡು ಆಡ್ಬೇಕು, ಇಬ್ರ ಆಟನೂ ಬೇರೆ ಬೇರೆ. ಜಿಲ್‌ಗೆ ಸಾಮಾನು ಇಡೋಕೆ ಎಂಟು ಜಾಗ, ಬೀಗ ತೆಗೆಯೋ ಲಾಕ್‌ಪಿಕ್, ಜೊತೆಗೆ ಸಹಾಯಕ್ಕೆ ಅವಳ ತಂಡದ ಬ್ಯಾರಿ. ಕ್ರಿಸ್‌ಗೆ ಆರೇ ಜಾಗ, ಅದ್ರಲ್ಲೇ ಸಣ್ಣ ಬೀಗಗಳಿಗೆ ಕೀಲಿನೂ ಹೊತ್ಕೊಂಡು ತಿರುಗ್ಬೇಕು, ಏಟು ಮಾತ್ರ ಹೆಚ್ಚು ತಡ್ಕೊಳ್ತಾನೆ. ವಿಷ ಏರಿ ಬಿದ್ದಿರೋ ಜೊತೆಗಾರ ರಿಚರ್ಡ್‌ಗೆ ಟೈಮಿಗೆ ಸೀರಮ್ ತಂದುಕೊಟ್ರೆ ಒಂದಷ್ಟು ಹೊತ್ತು ಬದುಕಿರ್ತಾನೆ, ಮುಂದೆ ಅವನ ಶಾಟ್‌ಗನ್ ನಿಮಗೆ ಸಿಗ್ತದೆ. ಯಾರು ಉಳೀತಾರೆ ಯಾರು ಸಾಯ್ತಾರೆ ಅನ್ನೋದ್ರ ಮೇಲೆ ಕೊನೆನೂ ಬದಲಾಗ್ತದೆ. ಒಮ್ಮೆ ಮುಗಿಸಿದ ಮೇಲೆ ರಿಯಲ್ ಸರ್ವೈವಲ್ ಅಂತ ಒಂದು ಮೋಡ್ ಇದೆ, ಅದ್ರಲ್ಲಿ ಮಾಮೂಲಿ ಆಟದ ಹಂಗೆ ಒಂದು ಪೆಟ್ಟಿಗೇಲಿ ಇಟ್ಟ ಸಾಮಾನು ಇನ್ನೊಂದು ಪೆಟ್ಟಿಗೇಲಿ ಸಿಗಲ್ಲ, ಎಲ್ಲಿ ಇಟ್ಟಿದ್ರೋ ಅಲ್ಲಿಗೇ ಹೋಗಿ ತರ್ಬೇಕು. ಮನೆ ನಕಾಶೆ ಬಾಯಿಪಾಠ ಇದ್ದವ್ರೂ ಇಲ್ಲಿ ಬೆವರ್ತಾರೆ. ಕೊನೇ ಲ್ಯಾಬ್ ಭಾಗ ಮಾತ್ರ ಬಂಗಲೆಯಷ್ಟು ಚಂದ ಇಲ್ಲ, ಅಲ್ಲಿ ನಾನು ಬೇಗ ಬೇಗ ಮುಗಿಸ್ತೇನೆ.

ಮತ್ತೆ ಆಡೋದಾದ್ರೆ ಈ ಸಲ ಕ್ರಿಸ್ ತಗೊಳಿ, ಲೈಟರ್ ಅವನ ಹತ್ರ ಮೊದ್ಲಿಂದ್ಲೇ ಇರ್ತದೆ, ಸುಡೋಕೆ ಫ್ಲಾಸ್ಕ್ ಒಂದಿದ್ರೆ ಸಾಕು. ಡೈನಿಂಗ್ ರೂಮ್ ಸುತ್ತಮುತ್ತ ಮತ್ತೆ ಮೆಟ್ಟಿಲ ಹತ್ರ ಬಿದ್ದ ಹೆಣಗಳನ್ನ ಮೊದಲು ಸುಟ್ಟುಬಿಡಿ, ಆ ದಾರೀಲಿ ತುಂಬಾ ಸಲ ಓಡಾಟ ಇರ್ತದೆ.