ಏರ್‌ಗನ್ನಿನಲ್ಲಿ ಕಲಿತ ಗುರಿ ಕೇಪಿನ ಕೋವಿಗೆ ಬಂದೀತೇ?

ಪ್ರಶ್ನೆ: ನಾನು ಹೆಬ್ರಿ ಕಡೆಯ ಕೃಷಿಕ. ಅಜ್ಜನ ಕಾಲದ ಕೇಪಿನ ಕೋವಿ ಈಗ ನನ್ನ ಹೆಸರಿನಲ್ಲಿದೆ, ಬೆಳೆ ರಕ್ಷಣೆಯ ಲೈಸೆನ್ಸು. ಕೋವಿಯ ಮದ್ದು, ಅದಕ್ಕೆ ಕಿಡಿ ಕೊಡುವ ಕೇಪು ಎರಡನ್ನೂ ಅಭ್ಯಾಸಕ್ಕೆಂದು ಸುಡುವಷ್ಟು ಅನುಕೂಲವಿಲ್ಲ. ಚುನಾವಣೆ ಬಂದರೆ ಕೋವಿ ಠಾಣೆ ಸೇರುತ್ತದೆ. ಹಾಗಾಗಿ ಒಂದು ಸ್ಪ್ರಿಂಗ್ ಏರ್‌ಗನ್ ತಂದೆ. ಜಗಲಿಯ ಕಟ್ಟೆ ಮೇಲೆ ನಳಿಗೆ ಊರಿ, ಭುಜಕ್ಕೆ ಬಿಗಿಯಾಗಿ ಒತ್ತಿ ಹೊಡೆದರೂ ಒಂದು ಈಡು ಇಲ್ಲಿ, ಇನ್ನೊಂದು ಅಲ್ಲಿ. ಇದರಿಂದ ಕೋವಿಯ ಗುರಿ ಸುಧಾರಿಸುತ್ತದಾ, ಸುಮ್ನೆ ದುಡ್ಡು ದಂಡವಾ?

ಉತ್ತರ: ದಂಡ ಅಲ್ಲ ಮಾರಾಯ್ರೆ. ಏರ್‌ಗನ್ನೂ ಕೆಟ್ಟಿರಲಿಕ್ಕಿಲ್ಲ. ನೀವು ಅದನ್ನು ಕೋವಿಯ ಹಾಗೆ ಹಿಡಿದಿದ್ದೀರಿ, ಅಷ್ಟೇ.

ಒಳಗೆ ಏನಾಗುತ್ತದೆ ನೋಡಿ. ಟ್ರಿಗರ್ ಬಿಟ್ಟ ಕೂಡಲೇ ಸ್ಪ್ರಿಂಗು ಭಾರದ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ, ಗನ್ನು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊನೆ ಮುಟ್ಟುವಾಗ ಗನ್ನು ಮುಂದಕ್ಕೆ ಜಗ್ಗುತ್ತದೆ. ಪೆಲೆಟ್, ಅಂದರೆ ಏರ್‌ಗನ್ನಿನ ಪುಟ್ಟ ಗುಂಡು, ನಳಿಗೆ ಬಿಡುವ ಮೊದಲೇ ಈ ಕುಲುಕಾಟ ಶುರುವಾಗಿರುತ್ತದೆ. ಎಲ್ಲ ಸೇರಿ ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹೊತ್ತು. ಕಟ್ಟೆಯಂಥ ಗಟ್ಟಿ ಜಾಗಕ್ಕೆ ಊರಿದರೆ ಗನ್ನು ಪ್ರತಿ ಸಲ ಒಂದೊಂದು ಥರ ಪುಟಿಯುತ್ತದೆ. ಎಡ ಅಂಗೈಯನ್ನು ಬಿಡಿಸಿ, ಅದರ ಮೇಲೆ ಗನ್ನನ್ನು ಸುಮ್ನೆ ಮಲಗಿಸಿ. ಬೆರಳು ಮುಚ್ಚಬೇಡಿ. ಭುಜಕ್ಕೂ ತಾಗಿದಷ್ಟೇ ಸಾಕು. ಅಂಗೈ ಇಡುವ ಜಾಗ ಮಾತ್ರ ಪ್ರತಿ ಈಡಿಗೂ ಒಂದೇ ಇರಲಿ, ಬೇಕಾದರೆ ಪೆನ್ಸಿಲಿನಲ್ಲಿ ಗುರುತು ಹಾಕಿ.

ಈ ಕಿರಿಕಿರಿಯೇ ನಿಮಗೆ ಲಾಭ. ಕೇಪಿನ ಕೋವಿಯಲ್ಲೂ ಸುತ್ತಿಗೆ ಬಿದ್ದು, ಕೇಪು ಸಿಡಿದು, ಕಿಡಿ ಒಳಗಿನ ಮದ್ದಿಗೆ ತಲುಪಲು ಹೊತ್ತು ಬೇಕಲ್ವಾ? ಆ ಚೂರು ಹೊತ್ತಿನಲ್ಲಿ ತಲೆ ಎತ್ತಿ ನೋಡಿದವನ ಈಡು ಮೇಲೆ ಹೋಯಿತು ಅಂತಲೇ ಲೆಕ್ಕ. ಸದ್ದಾದ ಮೇಲೂ ಕೆನ್ನೆ ಎತ್ತದೆ, ಬೆರಳು ಹಿಂದಕ್ಕೇ ಇಟ್ಟು, ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲಿಕ್ಕಿರುವ ಮಣಿಯನ್ನು ನೋಡುತ್ತಾ ಒಂದು ಉಸಿರು ಕಾಯಿರಿ. ಏರ್‌ಗನ್ ಇದನ್ನು ಬೈದು ಕಲಿಸುತ್ತದೆ. ಕೋವಿಯಲ್ಲಿ ಹೊಗೆ, ಸದ್ದಿನ ನಡುವೆ ನಮ್ಮ ತಪ್ಪು ನಮಗೇ ಕಾಣುವುದಿಲ್ಲ.

ಆದರೆ ಸಡಿಲ ಹಿಡಿತವನ್ನು ಕೋವಿಗೆ ಒಯ್ಯಬೇಡಿ. ಕೋವಿ ಭುಜಕ್ಕೆ ಗಟ್ಟಿಯಾಗಿ ಕೂರಬೇಕು, ಇಲ್ಲವಾದರೆ ಒದೆತಕ್ಕೆ ತೋಳು ನೀಲಿಯಾದೀತು. ಓಡುವ ಹಂದಿಗೆ ಚರೆ, ಅಂದರೆ ಸಣ್ಣ ಗುಂಡುಗಳ ರಾಶಿ, ಹೊಡೆಯುವ ಅಂದಾಜೂ ಇದರಿಂದ ಬರುವುದಿಲ್ಲ.

ಗುರಿಗೆ ದೊಡ್ಡ ಡಬ್ಬಿ ಇಡಬೇಡಿ. 30 ಮೀಟರ್ ದೂರದ ಸುಲಿದ ತೆಂಗಿನಕಾಯಿ, ಅಂದರೆ ಸುಮಾರು 12 ಸೆಂ.ಮೀ. ಅಗಲದ್ದು, 10 ಮೀಟರಿನಲ್ಲಿ 4 ಸೆಂ.ಮೀ. ಬಿಲ್ಲೆಯಷ್ಟೇ ಕಾಣುತ್ತದೆ. ಆ ಅಳತೆಗೆ ಕಪ್ಪು ಕಾಗದ ಕತ್ತರಿಸಿ, ಹೊಯಿಗೆ ತುಂಬಿದ ಗೋಣಿಗೆ ಅಂಟಿಸಿ. ಬರೀ ಕೆಂಪುಕಲ್ಲಿನ ಗೋಡೆ ಬೇಡ, ಪೆಲೆಟ್ ತಿರುಗಿ ಬರುತ್ತದೆ. ಕನ್ನಡಕ ಹಾಕಿ. ಪೆಲೆಟ್ ಸೀಸದ್ದು, ಮುಟ್ಟಿದ ಕೈಯಲ್ಲೇ ಅವಲಕ್ಕಿ ತಿನ್ನಬೇಡಿ. ದಿನಕ್ಕೆ 20 ಈಡು ಬೇಕಾದಷ್ಟಾಯಿತು. ಅದಕ್ಕಿಂತ ಜಾಸ್ತಿಯಾದರೆ ತೋಳು ಸೋತು ತಪ್ಪೇ ಅಭ್ಯಾಸವಾಗುತ್ತದೆ.

ನಳಿಗೆ ಮಡಚಿ ಪೆಲೆಟ್ ಹಾಕುವಾಗ ಇನ್ನೊಂದು ಕೈ ನಳಿಗೆಯನ್ನು ಬಿಡಲೇಬಾರದು. ನಾನು ಒಮ್ಮೆ ಬಿಟ್ಟೆ. ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಲೂಬೇಡಿ. ತಡೆಯುವ ಗಾಳಿಯಿಲ್ಲದೆ ಪಿಸ್ಟನ್ ಹೋಗಿ ಲೋಹಕ್ಕೆ ಬಡಿಯುತ್ತದೆ.

4.5 ಮಿ.ಮೀ. ನಳಿಗೆಯ, ಹೊಡೆತದ ಶಕ್ತಿ 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸು ಬೇಡ, ನಿಜ. ಹಾಗಂತ ತೋಟಕ್ಕೆ ಬಂದ ನವಿಲಿಗೆ ಒಂದು ಬಿಟ್ಟರೆ 1972ರ ವನ್ಯಜೀವಿ ಕಾಯ್ದೆ ಏರ್‌ಗನ್ ಅಂತ ರಿಯಾಯಿತಿ ಕೊಡುವುದಿಲ್ಲ.

ಇನ್ನು ನಮ್ಮ ಮಳೆಗಾಲ. ಹೊಡೆದು ಮುಗಿದ ಮೇಲೆ ಹೊರಗಿನ ಲೋಹವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ. ಚೀಲದೊಳಗೆ ತುಂಬಿಡಬೇಡಿ, ಥಂಡಿ ಹಿಡಿದು ತುಕ್ಕು ಬರುತ್ತದೆ. ಗಾಳಿ ಒತ್ತುವ ಕೊಳವೆಯೊಳಗೆ ಮಾತ್ರ ಎಣ್ಣೆ ಬಿಡಬೇಡಿ. ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು ಹೊಗೆ ಬರುತ್ತದೆ, ಈಡು ಮತ್ತೆ ಇಲ್ಲೊಂದು ಅಲ್ಲೊಂದು. ಆಗ ನೀವು ನನಗೆ ಇನ್ನೊಂದು ಕಾಗದ ಬರೆಯಬೇಕಾದೀತು.