ಒಂದೂವರೆ ಎಕರೆಯಲ್ಲಿ ಮನೆ ನಡೆಯುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 36 ವರ್ಷ. ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸ್ವಂತದ ಒಂದೂವರೆ ಎಕರೆ ಇದೆ, ನೀರಿಗೆ ತೊಂದರೆ ಇಲ್ಲ. ಕೆಲಸ ಬಿಟ್ಟು ಪೂರ್ತಿ ಬೇಸಾಯಕ್ಕೆ ಇಳಿಯುವ ಆಸೆ. ಒಂದೇ ಎಕರೆಯಲ್ಲಿ ಕೈತುಂಬ ದುಡಿದವರ ವಿಡಿಯೊಗಳನ್ನು ನೋಡಿ ಧೈರ್ಯ ಬಂದಿದೆ. ಮನೆಯವಳು ಮಾತ್ರ ಒಪ್ಪುತ್ತಿಲ್ಲ. ಮಕ್ಕಳಿಬ್ಬರೂ ಓದುತ್ತಿದ್ದಾರೆ. ಇಷ್ಟು ಚಿಕ್ಕ ಜಮೀನಿನಲ್ಲಿ ಸಂಸಾರ ನಡೆಸಬಹುದಾ, ಇಲ್ಲ ಇದು ಸುಮ್ನೆ ಕನಸಾ?

ಉತ್ತರ: ನಡೆಸಬಹುದು. ನಡೆಸುತ್ತಿರುವವರು ಇದ್ದಾರೆ. ನಮ್ಮ ಮನೆಯೂ ತರಕಾರಿಯಿಂದಲೇ ನಡೆಯುತ್ತಿದೆ. ಆದರೆ ನಿಮ್ಮ ಪತ್ರ ಓದುವಾಗ ಒಂದು ವಿಷಯ ಚುಚ್ಚಿತು. ಜಮೀನು ಇದೆ, ನೀರು ಇದೆ, ಧೈರ್ಯ ಇದೆ ಅಂತ ಬರೆದಿದ್ದೀರಿ. ಕೊಳ್ಳುವವರು ಯಾರು ಅಂತ ಎಲ್ಲೂ ಬರೆದಿಲ್ಲ. ನಿಮ್ಮ ಮನೆಯವರಿಗೆ ಹೆದರಿಕೆ ಇರುವುದು ಬಹುಶಃ ಅಲ್ಲೇ. ಅವರ ಮಾತನ್ನು ದಯವಿಟ್ಟು ತಳ್ಳಿಹಾಕಬೇಡಿ.

ಮೊದಲು ಯಾವ ದಾರಿ ಮುಚ್ಚಿದೆ ನೋಡೋಣ. ಗೋಧಿಯನ್ನೇ ತೆಗೆದುಕೊಳ್ಳಿ. ಜಗತ್ತಿನ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು ಮೂರೂವರೆ ಟನ್. ನಿಮ್ಮ ಒಂದೂವರೆ ಎಕರೆ ಅಂದರೆ ಹೆಕ್ಟೇರಿನ ಮುಕ್ಕಾಲು ಭಾಗವೂ ಅಲ್ಲ, 0.6 ಹೆಕ್ಟೇರು. ಒಂದು ಬೆಳೆಗೆ ಎರಡು ಟನ್ ಚಿಲ್ಲರೆ ಬಂತು ಅನ್ನಿ. ಅದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಆರು ಕೆಜಿಯೂ ಇಲ್ಲ. ಅಷ್ಟು ಕಾಳು ಮಾರಿದ ದುಡ್ಡಿನಲ್ಲಿ ಬೀಜ, ಗೊಬ್ಬರ, ಉಳುಮೆ, ಕೊಯ್ಲಿನ ಖರ್ಚೆಲ್ಲ ಕಳೆದು ಮಕ್ಕಳ ಫೀಸು ಕಟ್ಟಬೇಕು. ಯಾವ ದೇಶದಲ್ಲೂ ಆಗದ ಮಾತು. ಕಾಳಿನ ಬೆಳೆಗೆ ವಿಸ್ತಾರ ಬೇಕು, ಮಷಿನ್ ಬೇಕು. ಮನೆಯ ಊಟಕ್ಕೆ ಬೆಳೆದುಕೊಳ್ಳಿ, ಸಂಸಾರವನ್ನು ಅದರ ಮೇಲೆ ನಿಲ್ಲಿಸಬೇಡಿ.

ಹಾಗಂತ ಸಣ್ಣ ರೈತರು ಕಡಿಮೆ ಬೆಳೆಯುತ್ತಾರೆ ಅಂತಲ್ಲ. ಜಗತ್ತಿನಲ್ಲಿ 60 ಕೋಟಿಗೂ ಹೆಚ್ಚು ಹಿಡುವಳಿಗಳಿವೆ. ಅದರಲ್ಲಿ ನೂರಕ್ಕೆ 84 ಎರಡು ಹೆಕ್ಟೇರಿಗಿಂತ ಚಿಕ್ಕವು. ಅವರ ಕೈಯಲ್ಲಿರುವುದು ಕೃಷಿ ಭೂಮಿಯ ಶೇ. 12ರಷ್ಟು ಮಾತ್ರ. ಅಷ್ಟರಲ್ಲೇ ಜಗತ್ತಿನ ಆಹಾರದ ಸುಮಾರು ಮೂರನೇ ಒಂದು ಭಾಗ ಬೆಳೆಯುತ್ತಾರೆ ಅನ್ನುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜು. ಎಷ್ಟು ದೊಡ್ಡ ಕೆಲಸ ಅಲ್ವಾ! ಆದರೂ ಅವರಲ್ಲಿ ಬಹಳ ಮಂದಿ ಬಡವರಾಗಿಯೇ ಇದ್ದಾರೆ. ಯಾಕೆ?

1962ರಲ್ಲಿ ಅಮರ್ತ್ಯ ಸೇನ್ ಈ ಗಂಟನ್ನು ಬಿಡಿಸಿದ್ದರು. ಸಣ್ಣ ಜಮೀನಿನಲ್ಲಿ ಎಕರೆವಾರು ಇಳುವರಿ ಜಾಸ್ತಿ ಬರುತ್ತದೆ, ಯಾಕೆಂದರೆ ಮನೆಮಂದಿಯೆಲ್ಲ ಹೊತ್ತುಗೊತ್ತಿಲ್ಲದೆ ದುಡಿಯುತ್ತಾರೆ. ಆ ದುಡಿಮೆಗೆ ಕೂಲಿ ಲೆಕ್ಕ ಹಾಕಿದರೆ ಎಷ್ಟೋ ಹೊಲಗಳು ನಷ್ಟದಲ್ಲಿರುತ್ತವೆ. ನೀವು ನೋಡಿದ ವಿಡಿಯೊಗಳಲ್ಲಿ ‘ಎಕರೆಗೆ ಇಷ್ಟು’ ಅನ್ನುತ್ತಾರೆ. ‘ಗಂಟೆಗೆ ಎಷ್ಟು’ ಅಂತ ಕೇಳಿ. ಬದುಕುವುದು ಎಕರೆಯಲ್ಲ, ಮನುಷ್ಯ.

ಸೊಪ್ಪಿನ ಕೆಲಸವನ್ನೇ ಹತ್ತಿರದಿಂದ ನೋಡಿ. ಬಿಸಿಲೇರುವ ಮೊದಲು ಕೊಯ್ಯಬೇಕು. ಕೊಯ್ದ ಎಲೆ ಇನ್ನೂ ಉಸಿರಾಡುತ್ತಿರುತ್ತದೆ, ಕಾವು ಹೆಚ್ಚಿದಷ್ಟೂ ಬೇಗ ಬಾಡುತ್ತದೆ. ಅದಕ್ಕೇ ತಣ್ಣೀರಲ್ಲಿ ಅದ್ದಿ, ನೀರು ಸೋರಲು ಬಿಟ್ಟು, ಹಳದಿ ಎಲೆ ಕಿತ್ತು, ಬೇರಿನ ಮಣ್ಣು ಒದರಿ ಕಟ್ಟು ಕಟ್ಟಬೇಕು. ಒಂದು ಕಟ್ಟಿಗೆ ಎರಡು ನಿಮಿಷವಾದರೆ ಗಂಟೆಗೆ 30 ಕಟ್ಟು. ಮೂರು ನಿಮಿಷವಾದರೆ 20. ಮಣ್ಣು ಅದೇ, ಬೀಜ ಅದೇ, ಬೆಲೆಯೂ ಅದೇ. ತೊಳೆಯುವ ತೊಟ್ಟಿ ಮಡಿಯಿಂದ ದೂರ ಇದ್ದರೆ, ಕುಡುಗೋಲು ಮೊಂಡಾಗಿದ್ದರೆ, ದಿನದ ದುಡಿಮೆಯ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ನಮ್ಮ ತೋಟದಲ್ಲಿ ತೊಟ್ಟಿಯ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಯಾವ ಬೆಳೆಗೆ ಯಾರು ಎಷ್ಟು ಹೊತ್ತು ಕೊಟ್ಟರು ಅಂತ ಒದ್ದೆ ಕೈಯಲ್ಲೇ ಬರೆಯುತ್ತೇವೆ. ಅಂಥ ಲೆಕ್ಕ ನೋಡಿಯೇ ಬೀನ್ಸ್ ಕೈಬಿಟ್ಟೆವು. ಚೆನ್ನಾಗಿಯೇ ಬರುತ್ತಿತ್ತು, ಆದರೆ ಬಿಡಿಸಲು ಹಿಡಿಯುವ ಹೊತ್ತಿಗೆ ದುಡ್ಡು ಸಾಲುತ್ತಿರಲಿಲ್ಲ. ನೀವು ಲೆಕ್ಕದವರು. ಬೇಸಾಯಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಇಲ್ಲದ ಬಲ ಅದು.

ಇನ್ನು ಮಾರಾಟ. ಅಮೆರಿಕದ ಟಸ್ಕೀಗೀ ವಿಶ್ವವಿದ್ಯಾಲಯದಲ್ಲಿ ಬೂಕರ್ ಟಿ. ವಾಟ್ಲಿ ಅಂತ ಕೃಷಿ ವಿಜ್ಞಾನಿ ಇದ್ದರು. 25 ಎಕರೆಯ ಸಣ್ಣ ರೈತರಿಗಾಗಿ ಜೀವ ತೇಯ್ದವರು. ಅವರು ಹಾಕಿಕೊಟ್ಟ ನಿಯಮಗಳಲ್ಲಿ ಕೆಲವು ಹೀಗಿವೆ: ವರ್ಷವಿಡೀ ದಿನವೂ ಕೈಗೆ ಕಾಸು ಬರಬೇಕು, ಮುಂಗಡ ಚಂದಾ ಕೊಡುವ ಗಿರಾಕಿಗಳ ಸಂಘ ಇರಬೇಕು, ಜಮೀನು ಒಳ್ಳೆ ರಸ್ತೆಯ ಪಕ್ಕದಲ್ಲಿ, 50,000 ಜನರಿರುವ ಊರಿಗೆ 40 ಮೈಲಿಯೊಳಗೆ ಇರಬೇಕು, ಗಿರಾಕಿ ಕೇಳಿದ್ದನ್ನು ಮಾತ್ರ ಬೆಳೆಯಬೇಕು. ನೋಡಿ, ಇಳುವರಿಗಿಂತ ಗಿರಾಕಿಯ ಮಾತೇ ಜಾಸ್ತಿ. ಜಪಾನಿನಲ್ಲಿ 1970ರ ದಶಕದಲ್ಲೇ ಗೃಹಿಣಿಯರ ಗುಂಪುಗಳು ನೇರವಾಗಿ ರೈತರ ಜೊತೆ ಒಪ್ಪಂದ ಮಾಡಿಕೊಂಡು ತರಕಾರಿ ತರಿಸುವ ‘ತೇಯ್ಕೆ’ ಪದ್ಧತಿ ಬೆಳೆಯಿತು. ಕೆನಡಾದ ಕ್ವಿಬೆಕ್‌ನಲ್ಲಿ ಜಾನ್-ಮಾರ್ಟಿನ್ ಫೋರ್ಟಿಯೇ ನಿಮ್ಮಷ್ಟೇ ಜಾಗದಲ್ಲಿ, ಒಂದೂವರೆ ಎಕರೆಯಲ್ಲಿ, ಸಂಸಾರ ನಡೆಸಿ ತೋರಿಸಿದರು. ಅವರ ಕಿರಿದಾದ ಮಡಿಗಳನ್ನು ಎಲ್ಲರೂ ನಕಲು ಮಾಡುತ್ತಾರೆ. ವಾರದ ಬುಟ್ಟಿಗೆ ಮೊದಲೇ ಹಣ ಕಟ್ಟಿದ ಮನೆಗಳನ್ನು ನಕಲು ಮಾಡಲು ಆಗುವುದಿಲ್ಲ, ಸಂಪಾದಿಸಿಕೊಳ್ಳಬೇಕು. ಸಗಟು ಮಾರುಕಟ್ಟೆಗೆ ಹಾಕಿದರೆ ವ್ಯಾಪಾರಿ ಹೇಳಿದ್ದೇ ಬೆಲೆ. ಅಲ್ಲಿ ನೂರು ಎಕರೆಯವನ ಲಾರಿಯ ಪಕ್ಕ ನಿಮ್ಮ ನಾಲ್ಕು ಕ್ರೇಟ್ ನಿಲ್ಲುತ್ತದೆ. ಆ ಪೈಪೋಟಿಗೆ ಹೋಗಲೇಬೇಡಿ.

ಹಾಗಾಗಿ ಕೆಲಸ ಈಗಲೇ ಬಿಡಬೇಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅಷ್ಟು ದೊಡ್ಡ ಹೊಲಗಳಿರುವ ಅಮೆರಿಕದಲ್ಲೂ ಹೆಚ್ಚಿನ ಕೃಷಿ ಕುಟುಂಬಗಳ ವರಮಾನದ ದೊಡ್ಡ ಪಾಲು ಹೊಲದ ಹೊರಗಿನ ಕೆಲಸದಿಂದಲೇ ಬರುತ್ತದೆ. ಕಾಲು ಎಕರೆಯಿಂದ ಶುರು ಮಾಡಿ. ಬಿತ್ತುವ ಮುಂಚೆ ಇಪ್ಪತ್ತು ಮನೆಗಳನ್ನು ಕೇಳಿ: ಪ್ರತಿ ವಾರ ಏನು ಕೊಳ್ಳುತ್ತೀರಿ, ಎಷ್ಟು ಕೊಳ್ಳುತ್ತೀರಿ, ನಾನು ತಂದುಕೊಟ್ಟರೆ ಒಂದು ತಿಂಗಳ ಹಣ ಮೊದಲೇ ಕೊಡುತ್ತೀರಾ? ‘ನೋಡೋಣ’ ಅಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಣ ಕೊಟ್ಟವರು ಮಾತ್ರ ಗಿರಾಕಿ. ಆ ಪಟ್ಟಿ ಬೆಳೆದ ಹಾಗೆ ಮಡಿ ಬೆಳೆಸಿ. ಹಣ್ಣಿನ ಗಿಡ ಬೇಕಿದ್ದರೆ ಅಂಚಿನಲ್ಲಿ ಈಗಲೇ ನೆಡಿ, ಅದು ಫಲ ಕೊಡಲು ಮೂರೋ ಐದೋ ವರ್ಷ ಬೇಕು. ಮೆಷಿನ್ನಿಗೆ, ಪಾಲಿಹೌಸಿಗೆ ಸಾಲ ಮಾಡಬೇಡಿ. ಬೆಳೆ ಹೋದರೂ ಕಂತು ಕಟ್ಟಲೇಬೇಕು. ನೀವೂ ನಿಮ್ಮ ಮನೆಯವರೂ ಒಟ್ಟಿಗೆ ಕೂತು, ಒಂದು ಪೂರ್ತಿ ವರ್ಷದ ನೋಟ್‌ಬುಕ್ ನೋಡಿ, ಗಂಟೆಯ ದುಡಿಮೆ ನಿಮ್ಮ ಈಗಿನ ಸಂಬಳದ ಹತ್ತಿರ ಬಂದಿದೆಯೋ ಇಲ್ಲವೋ ನೋಡಿದ ಮೇಲೆ ರಾಜೀನಾಮೆ ಮಾತು.

ಪ್ರಶ್ನೆ: ಸಾವಯವವಾಗಿ ಬೆಳೆದರೆ ಸಣ್ಣ ಜಮೀನಿನಲ್ಲೂ ಬೆಲೆ ತಾನಾಗಿ ಜಾಸ್ತಿ ಸಿಗುತ್ತದೆಯೇ?

ಉತ್ತರ: ತಾನಾಗಿ ಸಿಗುವುದಿಲ್ಲ. ಪ್ರಮಾಣಪತ್ರಕ್ಕೆ ಕಾಯಬೇಕು. ಅಮೆರಿಕದ ನಿಯಮದಲ್ಲಿ ನಿಷೇಧಿತ ರಾಸಾಯನಿಕ ಬಿಟ್ಟು ಮೂರು ವರ್ಷ ಆಗಬೇಕು. ಯುರೋಪಿನಲ್ಲಿ ವರ್ಷದ ಬೆಳೆಗೆ ಎರಡು ವರ್ಷ. ಆ ಅವಧಿಯಲ್ಲಿ ಕಳೆ ಕೀಳುವ ಖರ್ಚು ಸಾವಯವದ್ದು, ಕೈಗೆ ಬರುವ ಬೆಲೆ ಮಾಮೂಲಿನದು. ನೇರವಾಗಿ ಮಾರುವುದಾದರೆ ಗಿರಾಕಿಗಳನ್ನು ತೋಟಕ್ಕೆ ಕರೆಯಿರಿ, ಏನು ಹಾಕುತ್ತೀರಿ, ಏನು ಹಾಕುವುದಿಲ್ಲ ಅಂತ ಮಡಿಯ ಹತ್ತಿರ ನಿಂತು ತೋರಿಸಿ. ದೂರದ ಅಂಗಡಿಗೆ ಕಳಿಸುವುದಾದರೆ ಮಾತ್ರ ಪ್ರಮಾಣಪತ್ರದ ಖರ್ಚಿಗೆ ಕೈಹಾಕಿ.